ಬಾಲದಕ್ಕ ಮತ್ತು ಬೆಕ್ಕಿನ ಕುರ್ಚಿ

ಬೆಳಕು ಇನ್ನೂ ಕಿಟಕಿಯ ಸರಳಿನ ಹತ್ತಿರ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿದೆ. ಬಾಲದಕ್ಕ ಆಗಲೇ ಮೇಜಿನ ಮುಂದೆ ಕೂತಿದ್ದಾರೆ. ದೀಪ ಹಾಕುವುದಿಲ್ಲ. ಬಲ್ಬಿನ ಬೆಳಕಿನಲ್ಲಿ ಕಪ್ಪು ಬಣ್ಣ ಸುಳ್ಳು ಹೇಳುತ್ತದೆ ಎಂಬುದು ಅವರ ದೂರು. ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ನೀಲಿಗೆ ಕಂದು ಬೆರೆಸಿ ತಮ್ಮದೇ ಕಪ್ಪು ಮಾಡಿಕೊಳ್ಳುತ್ತಾರೆ. ಟ್ಯೂಬಿನ ಕಪ್ಪನ್ನೇ ಹಚ್ಚಿಬಿಟ್ಟರೆ ಬೆಕ್ಕು ಬೆಕ್ಕಾಗುವುದಿಲ್ಲ, ಮಡಚಿಟ್ಟ ಕೊಡೆಯಾಗುತ್ತದಂತೆ. ಕೊಡೆಯಾಗದ ಅಸಲಿ ಬೆಕ್ಕು ಅವರ ಕಾಲ ಬುಡದಲ್ಲೇ ಇದೆ. ಹೆಸರು ಮಸಿ. ಅದು ಮೇಜಿನ ಕಾಲಿಗೆ ಬೆನ್ನು ಉಜ್ಜಿಕೊಂಡು, ತನಗೂ ಈ ಕಲೆಗೂ ಏನೇನೂ ಸಂಬಂಧವಿಲ್ಲ ಎಂಬಂತೆ ಆಕಳಿಸುತ್ತದೆ.

ಮೇಜಿನ ಮೇಲೆ ಅಗಲವಾದ ಹಾಳೆ. ಅದರಲ್ಲಿ ಒಂದು ಕೋಣೆ, ಉದ್ದನೆಯ ಮೇಜು. ಮೇಜಿನ ಈ ತುದಿಯಲ್ಲಿ ಬಿಳಿಗಡ್ಡದ ಚಿತ್ರಗಾರ ಕುಂಚ ಹಿಡಿದು ಕೂತಿದ್ದಾನೆ. ಆ ತುದಿಯಲ್ಲಿ ಒಂದು ಕುರ್ಚಿ. ಕುರ್ಚಿಯ ಮೇಲೆ ಮಾತ್ರ ಬಣ್ಣವಿಲ್ಲ. ಗುಂಡಗೆ ಬಿಳಿ ಜಾಗ ಬಿಟ್ಟು ಅದರೊಳಗೆ ಪೆನ್ಸಿಲ್ಲಿನಲ್ಲಿ ಒಂದೇ ಪದ ಬರೆದಿದೆ: ‘ಬೆಕ್ಕು’.

ಆ ಜಾಗ ತುಂಬಬೇಕು. ಮಧ್ಯಾಹ್ನ ಅಚ್ಚಿನ ಮನೆಯ ಗಾಡಿ ಬರುತ್ತದೆ.

“ಬೆಕ್ಕು ಬರೆಯೋದು ನನಗೆ ಹಲ್ಲುಜ್ಜಿದ ಹಾಗೆ,” ಎನ್ನುತ್ತಾರೆ ಬಾಲದಕ್ಕ. “ಆದ್ರೆ ಈ ಹಾಳೆ ಬಂದಾಗಿನಿಂದ ಕೈ ಆ ಕುರ್ಚಿ ತನಕ ಹೋಗಿ ವಾಪಸ್ ಬರ್ತಾ ಇದೆ. ಅದು ನನ್ನ ಕುರ್ಚಿ ಕಣ್ರೀ.”

ದೊಡ್ಡ ದೊಡ್ಡ ಕಲಾವಿದರು ಮತ್ತು ಅವರು ಸಾಕಿದ ಪ್ರಾಣಿಗಳ ಬಗ್ಗೆ ಮಕ್ಕಳಿಗಾಗಿ ಬರುವ ಚಿತ್ರಪುಸ್ತಕಗಳ ಮಾಲೆಯೊಂದಿದೆ. ಬಾತುಕೋಳಿಗೆ ಪಾಠ ಹೇಳಿದ ಶಿಲ್ಪಿ, ಕತ್ತೆಯ ಮೇಲೆ ಬಣ್ಣದ ಪೆಟ್ಟಿಗೆ ಹೇರಿಕೊಂಡು ಊರೂರು ಅಲೆದ ಚಿತ್ರಗಾತಿ, ಗಿಣಿಯ ಬೈಗುಳ ಕೇಳದೆ ಕುಂಚ ಹಿಡಿಯದ ಮುದುಕ. ಮಕ್ಕಳು ಕಲಾವಿದರ ಮುಖ ಮರೆಯುತ್ತಾರೆ, ಕತ್ತೆಯ ಮುಖ ಮರೆಯುವುದಿಲ್ಲ. ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿರುವುದು ಚಿತ್ರ ಬರೆದವರ ಹೆಸರು. ಅವರು ಬಾಲದಕ್ಕನ ಅಣ್ಣ, ಇದೇ ಮನೆಯ ಮೇಲಿನ ಮಹಡಿಯಲ್ಲಿದ್ದಾರೆ. ಪುಸ್ತಕದೊಳಗಿನ ಮನುಷ್ಯರೆಲ್ಲ ಅವರ ಕೈಯಿಂದಲೇ ಬಂದವರು. ಆದರೆ ನಾಲ್ಕು ಕಾಲಿನವು, ರೆಕ್ಕೆಯವು, ಚಿಪ್ಪಿನವು, ಈಜುವವು, ತೆವಳುವವು ಅಷ್ಟೂ ಕೆಳಮಹಡಿಯ ಈ ಮೇಜಿನ ಮೇಲೆ ಹುಟ್ಟಿದವು. ಈ ಸಂಗತಿ ಅಚ್ಚಿನ ಮನೆಯಲ್ಲಿ ಎಲ್ಲರಿಗೂ ಗೊತ್ತು, ಹೊರಗೆ ಯಾರಿಗೂ ಗೊತ್ತಿಲ್ಲ. ‘ಬಾಲದಕ್ಕ’ ಎಂದು ಹೆಸರಿಟ್ಟವರೂ ಅಲ್ಲಿನವರೇ. ಬಾಲಸಾಹಿತ್ಯದಲ್ಲಿ ಬಾಲ ಅಕ್ಕನದು, ಉಳಿದದ್ದು ಅಣ್ಣನದು ಎಂದು ಅವರ ನಗೆಚಾಟಿಕೆ. ಅಕ್ಕನೂ ನಗುತ್ತಾರೆ. ನಕ್ಕು, “ಬಾಲ ಇಲ್ದೆ ಇದ್ರೆ ನೊಣ ಓಡಿಸೋರು ಯಾರು?” ಎಂದು ಕೇಳುತ್ತಾರೆ.

ಇದು ಎಲ್ಲಿಂದ ಶುರುವಾಯಿತು ಎಂದರೆ ಒಂದು ನಾಯಿಯಿಂದ. ಅಣ್ಣ ಚಿಕ್ಕವರಿದ್ದಾಗ ಬೀದಿನಾಯಿ ಮಣಿಕಟ್ಟು ಹಿಡಿದು ಎಳೆದಾಡಿತ್ತು. ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಬಂದ ಮೇಲೆ ಬಾಲವಿರುವ ಯಾವುದನ್ನೂ ಅವರು ಹತ್ತಿರದಿಂದ ನೋಡಿದ್ದಿಲ್ಲ. ದೂರದಿಂದ ಕಂಡ ಹಾಗೇ ಬರೆಯುತ್ತಾರೆ, ಆಲೂಗಡ್ಡೆಗೆ ನಾಲ್ಕು ಕಡ್ಡಿ ಚುಚ್ಚಿದಂತೆ. ಶಾಲೆಯಲ್ಲಿ ‘ನಮ್ಮ ಮನೆ’ ಎಂಬ ಸ್ಪರ್ಧೆ ಇಟ್ಟಾಗ ಅಪ್ಪ, ಅಮ್ಮ, ಬಾಗಿಲು, ಕಿಟಕಿ ಎಲ್ಲ ಬರೆದು ನಾಯಿಯ ಜಾಗ ಮಾತ್ರ ಬಿಟ್ಟು, ಅಳು ಮುಖ ಮಾಡಿಕೊಂಡು ತಂಗಿಯ ತರಗತಿಯ ಬಾಗಿಲಿಗೆ ಬಂದರಂತೆ.

“ಅಲ್ಲೇ ನೆಲದ ಮೇಲೆ ಕೂತು ಬರೆದುಕೊಟ್ಟೆ. ನಾಯಿಗೇ ಬಹುಮಾನ ಬಂತು. ಬಹುಮಾನದ ಕಪ್ ತಗೊಂಡೋನು ಅಣ್ಣ. ಮನೆಗೆ ಬಂದು ಆ ಕಪ್‌ನಲ್ಲಿ ಇಬ್ಬರೂ ನೀರು ಕುಡಿದ್ವಿ. ಆಗ ಅದೇನೂ ಅನ್ನಿಸಲಿಲ್ಲ. ಈಗ್ಲೂ ಅನ್ನಿಸಬಾರದಿತ್ತು.”

ಇಬ್ಬರನ್ನೂ ಚಿತ್ರಶಾಲೆಗೆ ಕಳಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಊಟದ ಹೊತ್ತಿಗೆ ತೀರ್ಪು ಕೊಟ್ಟರಂತೆ. ಬಾಲದಕ್ಕ ಈಗ ಆ ತೀರ್ಪನ್ನು ಅಪ್ಪನ ಗಂಟಲಲ್ಲೇ ಹೇಳುತ್ತಾರೆ, ಮೂಗಿನ ಮೇಲೆ ಜಾರಿದ ತಮ್ಮ ಕನ್ನಡಕದ ಮೇಲಿನಿಂದ ನೋಡುತ್ತ: “ಇವನು ಮನುಷ್ಯರನ್ನ ಬರೀತಾನೆ. ಮನುಷ್ಯರ ಹತ್ರ ದುಡ್ಡಿರುತ್ತೆ. ನೀನು ನಾಯಿ ಬರೀತೀಯ. ನಾಯಿ ಹತ್ರ ಏನಮ್ಮಾ ಇರುತ್ತೆ?”

ನಾಯಿಯ ಹತ್ತಿರ ಹಲ್ಲಿತ್ತು. ಬಾಲದಕ್ಕ ಪಶು ಆಸ್ಪತ್ರೆಗೆ ಸಹಾಯಕಿಯಾಗಿ ಸೇರಿದರು. ಡಾಕ್ಟರು ಸೂಜಿ ಚುಚ್ಚುವಾಗ ಪ್ರಾಣಿ ಅಲುಗಾಡದಂತೆ ಹಿಡಿದುಕೊಳ್ಳುವ ಕೆಲಸ. ಕೂದಲು ಬಿಳಿಯಾಗುವವರೆಗೂ ಹಿಡಿದರು. ಎರಡೂ ಮುಂಗೈ ಮೇಲೆ ಗೀರುಗಳ ನಕಾಶೆಯಿದೆ. ಬಲಗೈ ತೋರುಬೆರಳು ಒಂದು ಗಿಣಿ ಕಚ್ಚಿದ್ದರಿಂದ ಸೊಟ್ಟಗಾಗಿದೆ, ಬೆಳಗಿನ ಚಳಿಗೆ ಮಡಚುವುದಿಲ್ಲ. ಕುಂಚ ಹಿಡಿಯುವ ಮೊದಲು ಅದನ್ನು ಬಿಸಿನೀರಿನ ಲೋಟದಲ್ಲಿ ಅದ್ದಿಟ್ಟು ‘ಎದ್ದೇಳಪ್ಪಾ ದೊರೆ’ ಎಂದು ಎಬ್ಬಿಸುತ್ತಾರೆ. “ಹಿಡ್ಕೊಂಡ ಪ್ರಾಣೀನ ಕಣ್ಣು ಮುಚ್ಚಿ ಬರೀಬಹುದು. ಎಲ್ಲಿ ಮೂಳೆ, ಎಲ್ಲಿ ಭಯ ಅಂತ ಕೈಗೆ ಗೊತ್ತಿರುತ್ತೆ. ಭಯ ಇರೋದು ಕಿವಿ ಹಿಂದೆ. ಅಣ್ಣನಿಗೂ ಅಲ್ಲೇ.”

ಕೆಲಸದ ರೀತಿ ಬದಲಾಗಿಲ್ಲ. ಅಣ್ಣ ಮನುಷ್ಯರನ್ನು ಬರೆದು, ಬಣ್ಣ ತುಂಬಿ, ಪ್ರಾಣಿಯ ಜಾಗವನ್ನು ಬಿಳಿ ಬಿಡುತ್ತಾರೆ. ಅತ್ತಿಗೆ ಹಾಳೆಯನ್ನು ರಟ್ಟಿನ ನಡುವೆ ಇಟ್ಟುಕೊಂಡು ಮೆಟ್ಟಿಲಿಳಿದು ತಂದುಕೊಡುತ್ತಾರೆ. ಅಣ್ಣ ತಾವೇ ತರುವುದಿಲ್ಲ, ಏಕೆಂದರೆ ಕೆಳಗೆ ಮಸಿ ಇದೆ. ಏನಾದರೂ ಹೇಳಬೇಕೆಂದರೆ ಮೆಟ್ಟಿಲ ಮಧ್ಯದಲ್ಲಿ ನಿಂತು ಕೂಗುತ್ತಾರೆ: “ಪುಟ್ಟೀ, ಅದು ಒಳಗಿದೆಯಾ?” ಮೀನಿಗೆ ಅರ್ಧ ದಿನ, ಜೂಲು ನಾಯಿಗೆ ಮೂರು, ಹಕ್ಕಿಯಾದರೆ ಗರಿ ಗರಿಗೂ ಒಂದೊಂದು ಜಗಳ. ಕಣ್ಣು ಎಲ್ಲಕ್ಕಿಂತ ಕೊನೆಗೆ. ಆ ಕಣ್ಣಿಗಾಗಿಯೇ ಅಣ್ಣನ ಹೆಸರು. ವಿಮರ್ಶೆ ಬರೆಯುವವರು ‘ಇವರ ಪ್ರಾಣಿಗಳ ಕಣ್ಣು’ ಎಂದು ಶುರು ಮಾಡಿದರೆ ಪುಟ ಮುಗಿಯುವವರೆಗೂ ಆ ಕಣ್ಣಿನಿಂದ ಮೇಲೇಳುವುದಿಲ್ಲ.

ಒಮ್ಮೆ ಒಂದು ಎಡವಟ್ಟಾಯಿತು. ಬಾತುಕೋಳಿ ಶಿಲ್ಪಿಯ ಪುಸ್ತಕದಲ್ಲಿ ನೆಲದ ಮೇಲೆ ಒಂದು ಗುಂಡನೆಯ ಬಿಳಿ ಜಾಗ ಉಳಿದಿತ್ತು, ಒಳಗೆ ಏನೂ ಬರೆದಿರಲಿಲ್ಲ. ಬಾಲದಕ್ಕ ಯೋಚಿಸಿ ಅಲ್ಲೊಂದು ಆಮೆ ಕೂರಿಸಿದರು. ಅದು ಅಣ್ಣ ಬಣ್ಣ ಹಚ್ಚಲು ಮರೆತ ದಿಂಬು! ಗೊತ್ತಾಗುವಷ್ಟರಲ್ಲಿ ಅಚ್ಚಾಗಿತ್ತು. ಪ್ರಕಾಶಕರು ತಲೆ ಚಚ್ಚಿಕೊಂಡರು. ಆದರೆ ಮಕ್ಕಳಿಗೆ ಬಾತುಕೋಳಿಗಿಂತ ಆ ಆಮೆಯೇ ಹಿಡಿಸಿತು, ಎರಡನೆಯ ಮುದ್ರಣಕ್ಕೆ ಕಥೆಯಲ್ಲೇ ಆಮೆ ಬಂದು ಸೇರಿತು. ಸಮಾರಂಭವೊಂದರಲ್ಲಿ ಅಣ್ಣ ಆ ಬಗ್ಗೆ ಮಾತಾಡಿದರು. ಬಾಲದಕ್ಕ ಎದ್ದು ನಿಂತು, ಎದೆಯ ಮೇಲೆ ಅಂಗೈ ಇಟ್ಟು, ಧ್ವನಿಯನ್ನು ಬಾವಿಯ ತಳಕ್ಕಿಳಿಸಿ ಆ ಭಾಷಣ ಮಾಡಿ ತೋರಿಸುತ್ತಾರೆ: “ಆಮೆ ಎಂದರೆ... ನನ್ನೊಳಗಿನ... ನಿಧಾನ!” ನಡುವೆ ಇಲ್ಲದ ಲೋಟದಿಂದ ಎರಡು ಸಲ ನೀರನ್ನೂ ಕುಡಿಯುತ್ತಾರೆ. ಆಮೇಲೆ ಕೂತು ತಮ್ಮದೇ ದನಿಯಲ್ಲಿ, “ದಿಂಬು ಕಣ್ರೀ ಅದು,” ಎನ್ನುತ್ತಾರೆ. “ನಾನು ಮೂರನೇ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದೆ.”

ಈಗಿನ ಪುಸ್ತಕದ ಮಾತಿಗೆ ಬರೋಣ. ಮಾಲೆಗೆ ಹೊಸ ಕಲಾವಿದರು ಸಿಗದೆ ಪ್ರಕಾಶಕರು ಮೇಲಿನ ಮಹಡಿಯ ಕಡೆ ನೋಡಿದರು. ಬಿಳಿಗಡ್ಡವಿದೆ, ಹೆಸರಿದೆ, ಇನ್ನೇನು ಬೇಕು? ಈ ಸಲದ ದೊಡ್ಡ ಕಲಾವಿದ ಅಣ್ಣನೇ. ಸಾಕುಪ್ರಾಣಿ ಎಲ್ಲಿ ಎಂದರೆ ಮಸಿ ಇತ್ತಲ್ಲ. ಪುಸ್ತಕದ ಹೆಸರು ‘ಚಿತ್ರಗಾರ ಮತ್ತು ಮಸಿ’. ಫೋಟೊ ತೆಗೆಯುವವರು ಬಂದು, ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ ಸಾರ್ ಎಂದಾಗ ಅಣ್ಣ ಸುಣ್ಣದಷ್ಟು ಬಿಳಿಚಿಕೊಂಡರು. ಕೊನೆಗೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ದಿಂಬಿನ ಮೇಲಿಟ್ಟು, ದಿಂಬನ್ನು ತೊಡೆಯ ಮೇಲಿಟ್ಟರು. ಮೇಜಿನ ಕೆಳಗೆ ಕೂತು ಬುಟ್ಟಿ ಹಿಡಿದುಕೊಂಡವರು ಬಾಲದಕ್ಕ. ಫೋಟೊದಲ್ಲಿ ಅವರ ಎರಡು ಬೆರಳು ಬಂದಿದ್ದವು. ಅವನ್ನೂ ಕತ್ತರಿಸಿದರು.

ಅವತ್ತು ಬಾಲದಕ್ಕ ಬಾಯಿಬಿಟ್ಟು ಒಂದು ಮಾತು ಕೇಳಿದರು. ಮೆಟ್ಟಿಲ ಕೆಳಗೆ ಅವರು, ಮಧ್ಯದಲ್ಲಿ ಅಣ್ಣ.

“ಅಣ್ಣಾ, ಒಂದು ಪುಟದಲ್ಲಿ ನನ್ನನ್ನೂ ಬರಿ. ಹೆಸರು ಬೇಡ. ಮೇಜಿನ ಆ ತುದೀಲಿ ಒಂದು ಕುರ್ಚಿ ಹಾಕಿ ಕೂರಿಸು, ಕೈಯಲ್ಲೊಂದು ಕುಂಚ ಕೊಡು. ಅಷ್ಟೇ.”

“ಅಯ್ಯೋ ಹುಚ್ಚಿ, ಅದೂ ಕೇಳೋ ವಿಷಯಾನಾ? ಬರೀತೀನಿ.”

“ಹಾಗಾದ್ರೆ ಬಂದು ಕೂತ್ಕೊಳ್ಳಲಾ? ನೋಡ್ಕೊಂಡು ಬರೀತೀಯಾ?”

“ನಿನ್ನ ಮುಖ ನಂಗೆ ಬಾಯಿಪಾಠ ಹೋಗೇ.”

ತಾವೇ ಬರೆದುಕೊಳ್ಳಬಹುದಿತ್ತಲ್ಲ ಎಂದರೆ ತಲೆಯಾಡಿಸುತ್ತಾರೆ. ಪ್ರಯತ್ನಿಸಿದ್ದರಂತೆ. “ನನ್ನ ಕೈಗೆ ಮನುಷ್ಯರು ಬರಲ್ಲ. ಯಾರನ್ನ ಬರೆದ್ರೂ ಕಿವಿ ತಲೆ ಮೇಲಕ್ಕೆ ಹೋಗಿ ಕೂತ್ಕೊಳ್ಳುತ್ತೆ.”

ಹಾಳೆಗಳು ಒಂದೊಂದಾಗಿ ಇಳಿದು ಬಂದವು. ಪ್ರತಿ ಸಲವೂ ಬಾಲದಕ್ಕ ಬೆಕ್ಕಿನ ಜಾಗ ಹುಡುಕುವ ಮೊದಲು ತಮ್ಮ ಜಾಗ ಹುಡುಕಿದರು. ಕಿಟಕಿಯ ಪುಟದಲ್ಲಿ ಇರಲಿಲ್ಲ. ಮಳೆಯ ಪುಟದಲ್ಲಿ ಇರಲಿಲ್ಲ. ಪೇಟೆಯ ಪುಟದಲ್ಲಿ ತರಕಾರಿಯವನಿದ್ದ, ಪೊಲೀಸನಿದ್ದ, ಬಲೂನು ಹಿಡಿದ ಮಗುವಿತ್ತು. ಎಲ್ಲ ಪುಟಗಳಿಗೂ ಮಸಿಯನ್ನು ಬರೆದು ಕೊಟ್ಟರು, ಕಣ್ಣಲ್ಲಿ ಕಣ್ಣಿಟ್ಟು. ಕೊನೆಯ ಹಾಳೆ ತಂದಾಗ ಅತ್ತಿಗೆ ರಟ್ಟು ಬಿಚ್ಚದೆ ಮೇಜಿನ ಮೇಲಿಟ್ಟು ಬಾಗಿಲ ಕಡೆ ತಿರುಗಿ ನಿಂತರು.

“ಕುರ್ಚಿ ಹಾಕಿದಾನಾ ಅತ್ತಿಗೆ?”

“ಹಾಕಿದಾರೆ.”

ಬಿಚ್ಚಿ ನೋಡಿದರೆ ಕುರ್ಚಿ ಇತ್ತು. ಮೇಲೆ ‘ಬೆಕ್ಕು’.

“ಪ್ರಕಾಶಕರು ಬೇಡ ಅಂದ್ರಂತೆ,” ಎಂದರು ಅತ್ತಿಗೆ ಬಾಗಿಲಿಗೆ. “ಇನ್ನೊಬ್ರ ಕೈಲೂ ಕುಂಚ ಇದ್ರೆ ಮಕ್ಕಳು ಕನ್‌ಫ್ಯೂಸ್ ಆಗ್ತಾರಂತೆ. ಕಥೇಲಿ ಇಬ್ರೇ ಇರ್ಬೇಕಂತೆ.”

“ಇವನೇನಂದ?”

“ಇವರೇನಂತಾರೆ? ಹೂಂ ಅಂದ್ರು.”

ಬಾಲದಕ್ಕ ಹಾಳೆಯನ್ನು ಬೆಳಕಿಗೆ ಓರೆಯಾಗಿ ಎತ್ತಿ ಹಿಡಿದು ತೋರಿಸುತ್ತಾರೆ. ಬಿಳಿ ಜಾಗದಲ್ಲಿ ಕಾಗದದ ನುಣುಪು ಹೋಗಿದೆ, ರಬ್ಬರಿನಲ್ಲಿ ಬಲವಾಗಿ ಉಜ್ಜಿದ್ದಾರೆ. ಪೆನ್ಸಿಲ್ ಅಳಿಸಿದರೂ ಅದು ಒತ್ತಿದ ಗೆರೆ ಉಳಿದಿದೆ. ಎರಡು ವೃತ್ತ, ನಡುವೆ ಒಂದು ಪುಟ್ಟ ಕಮಾನು. ಕನ್ನಡಕ.

“ಬರೆದಿದ್ದ ನೋಡಿ,” ಎನ್ನುತ್ತಾರೆ. “ಬರೀದೇ ಇದ್ದಿದ್ರೆ ಮರೆತ ಅಂದ್ಕೋತಿದ್ದೆ. ಮರೆವಿಗೆ ವಯಸ್ಸಾಯ್ತು ಅಂತ ಹೆಸರಿದೆ. ಇದಕ್ಕೇನು ಹೇಳ್ತೀರಿ? ಬರೆದು, ಕೂರಿಸಿ, ಎಬ್ಬಿಸಿ ಕಳಿಸಿದಾನೆ.” ಹಾಳೆಯನ್ನು ಮೇಜಿನ ಮೇಲಿಟ್ಟು, “ಮನೇಲಿರೋದು ನಾಲ್ಕು ಜೀವ. ಬೆಕ್ಕಿನ ಹೆಸರು ಮುಖಪುಟಕ್ಕೆ ಬಂತು,” ಎಂದು ನಗುತ್ತಾರೆ. ನಗು ಮುಖದ ಅರ್ಧಕ್ಕೆ ಬಂದು ನಿಲ್ಲುತ್ತದೆ.

ಹಾಗಾದರೆ ಬರೆಯದೆ ಬಿಟ್ಟುಬಿಡಬಹುದಲ್ಲ?

“ನಾನು ಬಿಟ್ರೆ ಅಲ್ಲಿ ಆಲೂಗಡ್ಡೆ ಅಚ್ಚಾಗುತ್ತೆ. ಮಕ್ಕಳೇನು ತಪ್ಪು ಮಾಡಿದಾವೆ?”

ಬೆಳಕು ಈಗ ಮೇಜಿನ ಮೇಲೆ ಹತ್ತಿ ಕೂತಿದೆ. ಬಾಲದಕ್ಕ ಬೆರಳನ್ನು ಬಿಸಿನೀರಿನಿಂದ ತೆಗೆದು ಒರೆಸಿಕೊಂಡು ಕುಂಚ ಎತ್ತಿಕೊಳ್ಳುತ್ತಾರೆ. ಈ ಸಲ ಕೈ ಕುರ್ಚಿಯವರೆಗೂ ಹೋಗುತ್ತದೆ, ವಾಪಸ್ ಬರುವುದಿಲ್ಲ. ಮೊದಲು ಬೆನ್ನು, ಒಂದೇ ಎಳೆತ. ಉಜ್ಜಿದ ಕಾಗದ ಬಣ್ಣವನ್ನು ಬಾಯಾರಿದಂತೆ ಹೀರುತ್ತದೆ, ಅಲ್ಲಿ ಕಪ್ಪು ಇನ್ನೂ ಕಪ್ಪಾಗುತ್ತದೆ. ಕನ್ನಡಕದ ಗೆರೆ ಮಸಿಯ ಹೆಗಲೊಳಗೆ ಮುಳುಗುತ್ತದೆ. ಆಮೇಲೆ ಹಿಂದಕ್ಕೆ ಮಡಚಿದ ಎರಡು ಕಿವಿ, ಕುರ್ಚಿಯಿಂದ ಕೆಳಕ್ಕೆ ಜೋತುಬಿದ್ದ ಬಾಲ. ರೋಮದ ಮೇಲೆ ರೋಮ ಎಳೆಯುತ್ತ ಊಟದ ಹೊತ್ತು ಮೀರುತ್ತದೆ.

ಅತ್ತಿಗೆ ಬಂದು ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಾರೆ. ಮೇಜಿನ ಒಂದು ತುದಿಯಲ್ಲಿ ಬಿಳಿಗಡ್ಡದ ಚಿತ್ರಗಾರ ತಲೆಯೆತ್ತಿ ಪ್ರೀತಿಯಿಂದ ನೋಡುತ್ತಿದ್ದಾನೆ. ಇನ್ನೊಂದು ತುದಿಯ ಕುರ್ಚಿಯಲ್ಲಿ ಬೆಕ್ಕು ಅವನಿಗೂ ಓದುವವರಿಗೂ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತಿದೆ.

“ಮುಖ ಎಲ್ಲಮ್ಮಾ?”

“ಆ ಕಡೆ ಇದೆ ಅತ್ತಿಗೆ.”

ಅತ್ತಿಗೆ ನಾದಿನಿಯ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು, ಹಾಳೆಯನ್ನು ರಟ್ಟಿನೊಳಗೆ ಸೇರಿಸಿ ಹತ್ತಿ ಹೋಗುತ್ತಾರೆ. ಹೊರಗೆ ಗಾಡಿಯ ಹಾರನ್ ಕೇಳುತ್ತದೆ. ಮೆಟ್ಟಿಲ ಮಧ್ಯದಲ್ಲಿ ರಟ್ಟು ಬಿಚ್ಚುವ ಸದ್ದು.

“ಪುಟ್ಟೀ...” ಅಣ್ಣನ ಧ್ವನಿ, ಸಮಾರಂಭದ್ದಲ್ಲ, ತರಗತಿಯ ಬಾಗಿಲಿಗೆ ಬಂದ ಹುಡುಗನದು. “ಕಣ್ಣು ಇಲ್ವಲ್ಲೇ ಇದಕ್ಕೆ?”

ಬಾಲದಕ್ಕ ಕುಂಚವನ್ನು ನೀರಿನಲ್ಲಿ ತೊಳೆದು, ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಡಬ್ಬಿಯಲ್ಲಿ ನಿಲ್ಲಿಸುತ್ತಾರೆ.

“ಕಣ್ಣಿಗೆ ನೀನೇ ಫೇಮಸ್ಸು ಅಲ್ವಾ ಅಣ್ಣಾ,” ಎಂದು ಮೆಟ್ಟಿಲ ಕಡೆ ಕೂಗುತ್ತಾರೆ. “ಬೇಕಾದ್ರೆ ಬಂದು ಬರ್ಕೋ. ಬೆಕ್ಕು ಒಳಗೇ ಇದೆ.”