ಇಲ್ಲದ ಸೇತುವೆಗಳನ್ನು ಅಳಿಸುವ ಸಬೀಹಾ

ಮೊಬೈಲಿನ ಲೆಕ್ಕದಲ್ಲಿ ಸಬೀಹಾ ಈಗ ಸೇತುವೆಯ ನಟ್ಟನಡುವೆ ನಿಂತಿದ್ದಾರೆ. ಕಾಲಿರುವುದು ಮಾತ್ರ ಮೊಣಕಾಲುದ್ದದ ನೀರಿನಲ್ಲಿ. ಬೆಳಗ್ಗೆ ಆರೂಕಾಲು, ಕೊಕ್ಕಡದಾಚೆಯ ಹೊಳೆ. ಸರ್ಕಾರದ ಪಟ್ಟಿ ಇಲ್ಲಿ ಕಾಂಕ್ರೀಟ್ ಸೇತುವೆ ಇದೆ ಎನ್ನುತ್ತದೆ, ಉದ್ದ ಅಗಲ ಸಮೇತ. ಕಣ್ಣಿಗೆ ಕಾಣುವುದು ಮುರಿದ ಎರಡು ಕಂಬ, ಅದಕ್ಕೆ ಸಿಕ್ಕಿಕೊಂಡ ಒಂದು ಪ್ಲಾಸ್ಟಿಕ್ ಚೀಲ.

"ಇದನ್ನು ಬರೆದವರು ಈ ಹೊಳೆಯ ಮುಖ ನೋಡಿದ್ದಾರಾ ಕೇಳಿ!" ಎಂದು ಸಬೀಹಾ ದಡದ ಮೇಲಿನ ಎಮ್ಮೆಯ ಎದುರು ರೇಗುತ್ತಾರೆ. ಕೇಳಿಸಿಕೊಳ್ಳಬೇಕಾದ ಕಚೇರಿಯವರು ಇನ್ನೂ ಹಾಸಿಗೆ ಬಿಟ್ಟಿರಲಾರರು.

ನಲವತ್ತಮೂರರ ಸಬೀಹಾ ಅವರದು ಫರಂಗಿಪೇಟೆಯಲ್ಲೊಂದು ಜೆರಾಕ್ಸ್ ಅಂಗಡಿ. ಒಂಬತ್ತೂವರೆಗೆ ಬಾಗಿಲು ತೆರೆಯಬೇಕು. ಅದಕ್ಕೂ ಮೊದಲಿನ ಹೊತ್ತೆಲ್ಲ ನಕ್ಷೆಗೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಯೊಂದು ಅಂತರ್ಜಾಲದಲ್ಲಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಸರ್ಕಾರಿ ಸೇತುವೆ ಪಟ್ಟಿಯನ್ನು ಅದಕ್ಕೆ ಏರಿಸಲು ಅವರು ಹದಿನೇಳು ಸ್ವಯಂಸೇವಕರನ್ನು ಕಟ್ಟಿಕೊಂಡಿದ್ದಾರೆ. ಪಟ್ಟಿ ಬಳಸುವ ಅನುಮತಿ ಪತ್ರವೊಂದಕ್ಕೇ ಹನ್ನೊಂದು ತಿಂಗಳು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಾರೆ. ಒಟ್ಟು ೨೧೨ ಸೇತುವೆ. ಒಂದು ಗುಂಡಿ ಒತ್ತಿದರೆ ಅಷ್ಟೂ ಒಮ್ಮೆಲೇ ನಕ್ಷೆಗೆ ಏರುತ್ತವೆ. ಸಬೀಹಾ ಒತ್ತಲು ಬಿಡುವುದಿಲ್ಲ.

ಅವರ ನಿಯಮವೇ ಬೇರೆ. ಸೇತುವೆಯ ಬಳಿಗೆ ಹೋಗಬೇಕು, ಹತ್ತಿರದ ಮನೆಯ ಜಗಲಿ ಹತ್ತಬೇಕು, ಅವರು ಕೊಟ್ಟ ಬೆಲ್ಲ ನೀರು ಕುಡಿದು ಮಾತಾಡಿ ಬರಬೇಕು. ತಂಡದ ಪಟ್ಟಿಯಲ್ಲಿ ಪ್ರತಿ ಸೇತುವೆಯ ಮುಂದೆ 'ನೀರು ಕುಡಿದ ಮನೆ' ಎಂಬ ಕಾಲಂ ಇದೆ. ಅದು ಖಾಲಿಯಿದ್ದರೆ ಆ ಸೇತುವೆಗೆ ನಕ್ಷೆಯಲ್ಲಿ ಜಾಗವಿಲ್ಲ.

"ನೀರು ಕೊಟ್ಟವರು ಸುಮ್ಮನೆ ಕಳಿಸುವುದಿಲ್ಲ. ಯಾವ ಮಳೆಗೆ ಮುಳುಗ್ತದೆ, ಯಾವ ಬದಿ ಬಿರುಕು ಉಂಟು, ಎಲ್ಲ ಹೇಳ್ತಾರೆ. ಕಚೇರಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ" ಎನ್ನುತ್ತಾರೆ.

ಕಳೆದ ಜುಲೈಯಲ್ಲಿ ಈ ನಿಯಮವೇ ಕೈಕೊಟ್ಟಿತು. ಅಳದಂಗಡಿ ಕಡೆಯ ಹನ್ನೆರಡು ಸೇತುವೆಗಳ ಹೊಣೆ ನಿವೃತ್ತ ಶಿಕ್ಷಕ ಶೀನಪ್ಪನವರದು. ಅವರ ಹುಟ್ಟೂರು ಅದು. ಈಗ ವಾಸ ಮೂಡುಬಿದಿರೆ. ಕಣ್ಣುಮುಚ್ಚಿ ನಡೆಯಬಲ್ಲ ದಾರಿಗೆ ಮತ್ತೆ ಯಾಕೆ ಹೋಗುವುದೆಂದು ಕೂತಲ್ಲೇ ಮನೆಗಳ ಹೆಸರು ತುಂಬಿಸಿಬಿಟ್ಟರು. ಹಾಗೆ ನಕ್ಷೆಗೆ ಏರಿದವುಗಳಲ್ಲಿ ಒಂದು ಸೇತುವೆ ಹಿಂದಿನ ವರ್ಷದ ಮಳೆಗೇ ಕೊಚ್ಚಿಹೋಗಿತ್ತು. ಹಾವು ಕಚ್ಚಿದ ಕೂಲಿ ಕೆಲಸದ ಹುಕ್ರಪ್ಪನನ್ನು ಕರೆದೊಯ್ಯಲು ಹೊರಟ ಆಂಬುಲೆನ್ಸ್ ನಕ್ಷೆಯನ್ನು ನಂಬಿ ಬಂದು ತುಂಬಿದ ಹೊಳೆಯ ಅಂಚಿನಲ್ಲಿ ನಿಂತಿತು. ಸುತ್ತಿ ಬರಲು ನಲವತ್ತು ನಿಮಿಷ. ಹುಕ್ರಪ್ಪ ಬದುಕಿದ. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಸಬೀಹಾ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಮಾಷ್ಟ್ರೇ, ನೀವು ಆ ಮನೆಯಲ್ಲಿ ನೀರು ಕುಡಿದದ್ದು ಯಾವಾಗ?"

ಶೀನಪ್ಪ ಹೇಳಿದರು. "ಹೈಸ್ಕೂಲಿಗೆ ಹೋಗುವಾಗ."

"ಬೈಯಲಿಕ್ಕೆ ಬಾಯಿ ಬರಲಿಲ್ಲ. ಪಟ್ಟಿಯ ಕೆಳಗೆ ಸರಿ ಉಂಟು ಅಂತ ಸಹಿ ಹಾಕಿದ್ದು ನಾನಲ್ಲವಾ?" ಹೀಗೆ ಹೇಳುವಾಗ ಸಬೀಹಾ ಅವರ ಸಿಟ್ಟು ತಮ್ಮ ಮೇಲೆಯೇ ತಿರುಗುತ್ತದೆ.

ಉಳಿದ ಸಿಟ್ಟನ್ನು ಹೊತ್ತು ಅವರು ಕಚೇರಿಗೆ ಹೋದರು. "ಬಿದ್ದ ವರದಿ ನಮಗೆ ಬಂದಿಲ್ಲಮ್ಮ. ದಾಖಲೆಯಲ್ಲಿ ಸೇತುವೆ ಉಂಟು" ಎಂದರು ಅಧಿಕಾರಿ. ಹೊಳೆಯೇ ಬಂದು ಅರ್ಜಿ ಕೊಡಬೇಕಿತ್ತೇನೋ! "ಹಾಗಾದ್ರೆ ಬನ್ನಿ ಸರ್, ನಾಳೆ ಅದರ ಮೇಲೆ ನೀವೇ ದಾಟಿ ತೋರಿಸಿ" ಎಂದು ಸಬೀಹಾ ಎದ್ದು ಬಂದರು. ವರ್ಷವಾಗುತ್ತಾ ಬಂತು, ದಾಖಲೆಯಲ್ಲಿ ಆ ಸೇತುವೆ ಇವತ್ತಿಗೂ ಗಟ್ಟಿಮುಟ್ಟಾಗಿದೆ. ನಾಚಿಕೆಗೇಡು.

ಅಂದು ಕಚೇರಿಯಿಂದ ಬಂದವರೇ ಸಬೀಹಾ ಅದುವರೆಗೆ ಏರಿಸಿದ್ದ ಸೇತುವೆಗಳನ್ನೆಲ್ಲ ಅಳಿಸಿ, ಮೊದಲಿನಿಂದ ಶುರು ಮಾಡಿದರು. ಇಲ್ಲಿಯವರೆಗೆ ನೋಡಿದ್ದು ೧೩೯. ಅದರಲ್ಲಿ ಇಪ್ಪತ್ತಮೂರು ಕಾಗದದಲ್ಲಿ ಮಾತ್ರ ಇರುವಂಥವು. ತಮ್ಮ ಹನ್ನೆರಡನ್ನೂ ಶೀನಪ್ಪ ಊರುಗೋಲು ಹಿಡಿದು ನಡೆದೇ ನೋಡಿ ಬಂದಿದ್ದಾರೆ. ಮಳೆಗೆ ಮೊದಲು ಉಳಿದ ಎಪ್ಪತ್ತಮೂರು ಮುಗಿಯಬೇಕು, ಸಬೀಹಾ ಅವರಿಗೆ ಬೇರೆ ಆಸೆಯಿಲ್ಲ. ಎರಡು ವರ್ಷ ದುಡಿದೂ ನಕ್ಷೆ ಬೋಳಾಗಿದೆಯಲ್ಲ ಎಂದು ತಂಡದವರೇ ಗೊಣಗುವುದುಂಟು.

"ಬೋಳು ಇರಲಿ ಮಾರಾಯ್ರೆ" ಎನ್ನುತ್ತಾರೆ ಅವರು, ಒದ್ದೆ ಸೀರೆಯಂಚು ಹಿಂಡುತ್ತಾ. "ನಕ್ಷೆಯಲ್ಲಿ ಏನೂ ಇಲ್ಲದಿದ್ದರೆ ಡ್ರೈವರ್ ಗಾಡಿ ನಿಲ್ಲಿಸಿ ಯಾರಲ್ಲಾದರೂ ದಾರಿ ಕೇಳ್ತಾನೆ. ಸೇತುವೆ ಉಂಟು ಅಂತ ಕಂಡರೆ ಯಾರಲ್ಲಿಯೂ ಕೇಳುವುದಿಲ್ಲ."