ಅವ್ವನ ಖಾನಾವಳಿಗೆ ಸರಪಳಿ ಬಿದ್ದಾಗ

ಕಳೆದ ವಾರ ನಮ್ಮ ಅವ್ವ ಒಬ್ಬ ಇನ್‌ಸ್ಪೆಕ್ಟರ್ ಜೊತೆ ಜಗಳ ಮಾಡಿದಳು. (ಪೊಲೀಸ್ ಅಲ್ಲ, ಗಾಬರಿಯಾಗಬೇಡಿ.) ಕಂಟೇನರ್ ತಪಾಸಣೆ ಮಾಡುವ ಹುಡುಗಿ. ಹೆಸರು ರೇಣುಕಾ.

ವಾಸ್ಕೋದಲ್ಲಿ ಅವ್ವನ ಖಾನಾವಳಿ ಇದ್ದದ್ದು ಒಂದು ಹಳೆಯ ಕಂಟೇನರಿನಲ್ಲಿ. ಹಡಗಿನ ಕೆಲಸಕ್ಕೆ ಬೇಡವಾದ ಕಬ್ಬಿಣದ ಪೆಟ್ಟಿಗೆ. ಅದಕ್ಕೊಂದು ಕಿಟಕಿ ಕೊರೆಸಿ, ಒಳಗೆ ಒಲೆ ಹೂಡಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಿಜಾಪುರ, ಬಾಗಲಕೋಟೆ ಕಡೆಯಿಂದ ಕೂಲಿಗೆ ಬಂದವರಿಗೆಲ್ಲ ಅಲ್ಲೇ ಊಟ. ಗೋವಾದ ಮಳೆ ಆ ತಗಡಿನ ಮೇಲೆ ಬೀಳತೊಡಗಿದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಬೆರಳು ತೋರಿಸಿಯೇ ಇನ್ನೊಂದು ರೊಟ್ಟಿ ಕೇಳಬೇಕು! ಜುಣಕಕ್ಕೆ ಒಂದು ಸನ್ನೆ, ಶೇಂಗಾ ಹಿಂಡಿಗೆ ಇನ್ನೊಂದು. ನಾನು ಅಕ್ಷರ ಕಲಿತದ್ದೂ ಅದರ ಬಾಗಿಲ ಮೇಲೆ ಸೀಮೆಸುಣ್ಣದಿಂದ ಗೀಚಿ.

ಈಗ ಅಲ್ಲಿ ರಸ್ತೆ ಅಗಲವಾಗುತ್ತಿದೆ. ಜಾಗ ಬಿಡಬೇಕು. ಅವ್ವ ಒಲೆ ಆರಿಸಿ ಎಷ್ಟೋ ವರ್ಷವಾಯಿತು. ಆದರೂ ಕಂಟೇನರನ್ನು ಗೋವಾದ ಒಳನಾಡಿನ ಊರು ಕೆಪೆಯಲ್ಲಿರುವ ನಮ್ಮ ಮನೆಯ ಹಿತ್ತಲಿಗೆ ಸಾಗಿಸಲೇಬೇಕೆಂದು ಹಟ ಹಿಡಿದಳು. (ನಿಜ ಹೇಳಲೇ? ನನಗೂ ಆಸೆಯಿತ್ತು.) ತಪಾಸಣೆಯಾಗದೆ ಅದನ್ನು ಮುಟ್ಟುವುದಿಲ್ಲ ಎಂದರು ಕ್ರೇನಿನವರು.

ಹಾಗೆ ಬಂದವಳು ರೇಣುಕಾ. ವಾಸ್ಕೋದಲ್ಲೇ ಹುಟ್ಟಿ ಬೆಳೆದ, ಬಾದಾಮಿ ಕಡೆಯವರ ಹುಡುಗಿ. ಒಂದೊಂದೇ ಮೂಲೆಗೆ ಸುತ್ತಿಗೆಯಿಂದ ಬಡಿದಳು, ಟಾರ್ಚ್ ಬಿಟ್ಟು ನೋಡಿದಳು.

"ಅವ್ವಾರ, ಈ ಮೂಲಿ ತುಕ್ಕು ತಿಂದೈತ್ರಿ. ಎತ್ತಿದ್ರ ತಡೀತೈತಿ ಅನ್ನೂ ಭರೋಸಾ ಇಲ್ರಿ."

"ಇಷ್ಟ ವರ್ಷ ಏನೂ ಆಗಿಲ್ಲ. ಈಗೇನ ಆಗ್ತೈತಿ?"

"ಇಷ್ಟ ವರ್ಷ ನೆಲದ ಮ್ಯಾಲೆ ಕುಂತಿತ್ರಿ. ಈಗ ಗಾಳ್ಯಾಗ ತೂಗ್ತೈತ್ರಿ."

"ಭಾಳ ಶಾಣ್ಯಾಕಿ ಅದೀ ಬಿಡು!"

ವಾದ ಮುಗಿಯಲಿಲ್ಲ. ಕೊನೆಗೆ ರೇಣುಕಾಳೇ ಒಂದು ದಾರಿ ಹೇಳಿದಳು. ಎಲ್ಲರನ್ನೂ ದೂರ ನಿಲ್ಲಿಸಿ, ಖಾಲಿ ಕಂಟೇನರನ್ನು ಗೇಣುದ್ದ ಎತ್ತಿ ನೋಡುವುದು. ತಡೆದರೆ ಮುಂದಿನ ಮಾತು.

ನಾಲ್ಕು ಮೂಲೆಗೂ ಸರಪಳಿ ಬಿತ್ತು. ಕ್ರೇನ್ ಗುರುಗುಟ್ಟಿತು. ಕಂಟೇನರ್ ನೆಲ ಬಿಟ್ಟಿತು. ಅವ್ವನ ಮುಖದಲ್ಲಿ ಗೆದ್ದ ನಗು. ಅಷ್ಟರಲ್ಲಿ ಆ ಮೂಲೆಯಿಂದ ಕಟಕಟ ಸದ್ದು ಬಂತು. ಪೆಟ್ಟಿಗೆ ಒಂದು ಕಡೆ ವಾಲಿತು.

ರೇಣುಕಾ ಕೈ ಎತ್ತುವ ಮೊದಲೇ ಅವ್ವ ಚೀರಿದಳು. "ಇಳಸ್ರಿ! ಇಳಸ್ರಿ ಅದನ್ನ!"

ಅವಳು ಹಾಗೆ ಚೀರಿದ್ದು ಏಕೆಂದು ನನಗೆ ಗೊತ್ತಿತ್ತು. ಅಪ್ಪ ಒಬ್ಬ ಕಂತ್ರಾಟುದಾರನ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಮಾಲು ಎತ್ತುವಾಗ ಸವೆದ ಸರಪಳಿ ಹರಿದು, ಮಾಲು ಅವನ ಕಾಲ ಮೇಲೆ ಬಿತ್ತು. ಆ ಸರಪಳಿಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಅಪ್ಪ ಮತ್ತೆ ಭಾರ ಹೊರಲಿಲ್ಲ. ಅವ್ವ ಖಾನಾವಳಿ ಹಾಕಿದ್ದು ಆಮೇಲೆ.

ಕಂಟೇನರ್ ನೆಲಕ್ಕಿಳಿದ ಮೇಲೆ ಅವ್ವ ರೇಣುಕಾಳ ಹತ್ತಿರ ಹೋದಳು.

"ತಂಗಿ, ನಮ್ಮವ್ರು ಕೆಲಸಾ ಮಾಡೂ ಮುಂದ ನಿನ್ನಂಥಾಕಿ ಒಬ್ಬಾಕಿ ಇದ್ದಿದ್ರ..."

ರೇಣುಕಾ ಅವಳ ಕೈ ಹಿಡಿದುಕೊಂಡಳು.

ಸಾಗಿಸುವ ಹಟ ಬಿಟ್ಟು ಅವ್ವ ಅದನ್ನು ಕತ್ತರಿಸಲು ಒಪ್ಪಿದಳು. ಮರುದಿನ ಗ್ಯಾಸ್ ಕಟರ್ ಬಂತು. ನನ್ನ ಬಾಲ್ಯ ನಿಂತಲ್ಲೇ ತುಂಡು ತುಂಡಾಯಿತು. ಅವ್ವ ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದು, ಕತ್ತರಿಸುವವರನ್ನೆಲ್ಲ ಸಾಲಾಗಿ ಕೂಡಿಸಿ ಬಡಿಸಿದಳು. "ಹೊಟ್ಟಿ ತುಂಬ ಉಣ್ರಿ, ನಾಚಬ್ಯಾಡ್ರಿ." ನಾನು ಮಾತ್ರ ಕಣ್ಣಿಗೆ ಹೊಗೆ ಬಂತೆಂದು ಆ ಕಡೆ ತಿರುಗಿ ನಿಂತಿದ್ದೆ.

ಹಳೆಯದನ್ನೆಲ್ಲ ಎತ್ತಿ ಹಿಡಿಯುತ್ತೇವೆಂದು ಹೆಮ್ಮೆಪಡುವ ನಾವು, ಅದರ ಕೆಳಗೆ ಯಾರು ನಿಂತಿದ್ದಾರೆಂದು ಎಂದಾದರೂ ನೋಡುತ್ತೇವೆಯೇ?