ಅರವತ್ನಾಲ್ಕು ಹೆಸರುಗಳ ಗುಮಾಸ್ತರು

ಅವರ ಮುಂದಿನ ಹಲ್ಲಿನಲ್ಲಿ ಸೂಜಿಯ ಕಣ್ಣಿನಷ್ಟು ಸಣ್ಣದೊಂದು ಕಚ್ಚು ಇತ್ತು. ಮೂವತ್ತೈದು ವರ್ಷ ಕೋರ್ಟಿನ ಕಾಗದದ ಕಟ್ಟುಗಳನ್ನು ದಬ್ಬಣದಿಂದ ಹೊಲಿದು, ದಾರವನ್ನು ಹಲ್ಲಿನಿಂದಲೇ ಕಡಿದು ಕಡಿದು ಆದದ್ದು. ನಕ್ಕರೆ ಮೊದಲು ಅದೇ ಕಾಣುತ್ತಿತ್ತು. ಆದರೆ ಅವರು ನಗುತ್ತಿದ್ದದ್ದು ಕಡಿಮೆ. ಅವರು ಬಂದಾಗ ನಾವು ನಗುತ್ತಿದ್ದದ್ದು ಇನ್ನೂ ಕಡಿಮೆ.

ನಮ್ಮ ವಕೀಲರ ಗುಮಾಸ್ತರು ಅವರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನನ್ನ ಅಪ್ಪ, ನಿವೃತ್ತಿಗೆ ಮುಂಚೆ ಗಬ್ಬೂರ ಬೈಪಾಸಿನ ಹತ್ತಿರದ ಲೇಔಟಿನಲ್ಲಿ ಪ್ಲಾಟು ಹಿಡಿದು ಮನೆ ಕಟ್ಟಿಸಿದರು. ನಮ್ಮಂಥವೇ ಅರವತ್ನಾಲ್ಕು ಮನೆ. ಕಂತು ಮುಗಿದ ಕೂಡಲೇ ಖರೀದಿಪತ್ರ ಮಾಡಿಕೊಡುತ್ತೇವೆಂದು ಲೇಔಟಿನ ಮಾಲೀಕರು ಕರಾರು ಬರೆದುಕೊಟ್ಟಿದ್ದರು. ಕಂತುಗಳು ಮುಗಿದವು, ಮನೆಗಳು ಎದ್ದವು, ಖರೀದಿ ಮಾತ್ರ ಆಗಲಿಲ್ಲ. ಒಂದು ದಿನ ಇಡೀ ಜಮೀನನ್ನೇ ಬೇರೆಯವರಿಗೆ ಮಾರಲು ಹೊರಟಿದ್ದಾರೆಂಬ ಸುದ್ದಿ ಬಂತು. ಜಮೀನಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಮ್ಮ ಯಾರ ಹೆಸರೂ ಇರಲಿಲ್ಲ. ಗೋಡೆ ನಮ್ಮದು, ಗೋಡೆಯ ಕೆಳಗಿನ ನೆಲ ನಮ್ಮದಲ್ಲ. ಅಂಥ ಮನೆಯಲ್ಲಿ ಊಟ ಹೇಗೆ ಮೈಗೆ ಹತ್ತುತ್ತದೆ, ನೀವೇ ಹೇಳಿ.

ಎಲ್ಲರೂ ಕೂಡಿ ಕೋರ್ಟಿಗೆ ಹೋಗುವುದೆಂದು ಲೇಔಟಿನ ಖಾಲಿ ಜಾಗದಲ್ಲಿ ಸಭೆ ಸೇರಿದೆವು. ವಕೀಲರು ಸುಲಭದ ದಾರಿಯನ್ನೇ ಹೇಳಿದರು. ಎಲ್ಲರದೂ ಒಂದೇ ತಕರಾರು ಇರುವುದರಿಂದ, ಕೋರ್ಟಿನ ಒಪ್ಪಿಗೆ ಪಡೆದು ಇಬ್ಬರ ಹೆಸರಿನಲ್ಲಿ ಎಲ್ಲರ ಪರವಾಗಿ ದಾವೆ ಹಾಕಬಹುದು, ಬೇಗ ಸಾಗುತ್ತದೆ ಎಂದರು. ಆ ಇಬ್ಬರು ಯಾರು ಎಂದ ಕೂಡಲೇ ಗದ್ದಲ ಎದ್ದಿತು. ಮೊದಲ ಸಾಲಿನವರನ್ನು ಮೂರನೇ ಸಾಲಿನವರು ನಂಬಲಿಲ್ಲ, ಮೂಲೆಮನೆಯವರನ್ನು ಯಾರೂ ನಂಬಲಿಲ್ಲ. ನನ್ನ ಅಪ್ಪ ಎದ್ದು ನಿಂತು, ನನ್ನ ಹೆಸರೇ ಇಲ್ಲದ ಕಾಗದದಲ್ಲಿ ನನ್ನ ಮನೆ ಹೇಗೆ ಇರುತ್ತದೆ ಎಂದು ಕೇಳಿದರು. ಜನ ಚಪ್ಪಾಳೆ ಹೊಡೆದರು. ಹಿಂದೆ ಸ್ಕೂಟರಿಗೆ ಒರಗಿ ನಿಂತಿದ್ದ ಗುಮಾಸ್ತರು ಆಗ ಒಂದೇ ಮಾತು ಆಡಿದರು. "ಅರವತ್ನಾಕು ಹೆಸರು ಅಂದ್ರ ಅರವತ್ನಾಕು ಆಯುಷ್ಯರಿ. ಇಚಾರ ಮಾಡ್ರಿ."

ಯಾರು ವಿಚಾರ ಮಾಡುತ್ತಾರೆ! ಅರವತ್ನಾಲ್ಕು ಹೆಸರಿನ ದಾವೆ ಬಿತ್ತು.

ಮೊದಲ ಎರಡು ವರ್ಷ ಎದುರು ಪಾರ್ಟಿಯ ನಾಲ್ವರಿಗೆ ನೋಟೀಸು ಮುಟ್ಟಿಸುವುದರಲ್ಲೇ ಹೋಯಿತು. ಒಬ್ಬ ಸೊಲ್ಲಾಪುರದಲ್ಲಿದ್ದ, ಪ್ರತಿಸಲ ಮನೆಗೆ ಬೀಗ. ಕೊನೆಗೆ ಪೇಪರಿನಲ್ಲಿ ಹಾಕಿಸಬೇಕಾಯಿತು. ಆಮೇಲೆ ಎದುರಿನವರು ಧಾರವಾಡದ ಹೈಕೋರ್ಟಿಗೆ ಹೋಗಿ ತಡೆ ತಂದರು, ನಮ್ಮ ಕಟ್ಟೆಲ್ಲ ಅಲ್ಲಿಗೆ ಹೋಗಿ ಕೂತಿತು. ಅದು ತಿರುಗಿ ಬರುವಷ್ಟರಲ್ಲಿ ನ್ಯಾಯಾಧೀಶರ ವರ್ಗ. ಹೊಸಬರು ಮೊದಲಿನಿಂದ ಓದಬೇಕು. ನಾನು ಸರಕಾರಿ ಹೈಸ್ಕೂಲಿನಲ್ಲಿ ಕಲಿಸುವವಳು. ಹುಟ್ಟಾ ಅಂಜುಬುರುಕಿ, ಪ್ರತಿ ತಾರೀಖಿನ ಹಿಂದಿನ ದಿನ ವಕೀಲರ ಆಫೀಸಿಗೆ ಎರಡೆರಡು ಸಲ ಫೋನು ಮಾಡುತ್ತಿದ್ದೆ. ಕೋರ್ಟು ನಿಂತೇಬಿಟ್ಟಿದೆ ಎಂದು ನಾನು ಒಮ್ಮೆ ಸಿಡುಕಿದಾಗ ಗುಮಾಸ್ತರು ಸಾವಕಾಶವಾಗಿ ಹೇಳಿದರು. "ನಿಂತಿಲ್ರಿ ಅಕ್ಕೋರ, ನಡ್ಯಾಕತ್ತೈತಿ. ಅರವತ್ನಾಕು ಮಂದಿ ಕೈಕೈ ಹಿಡಕೊಂಡು ಹೊಂಟ್ರ, ಯಾರ ಕಾಲು ನೋಯತೈತೋ ಅವರ ಹೆಜ್ಜಿನ ಎಲ್ಲಾರ ಹೆಜ್ಜಿ."

ತಿಂಗಳ ಮೊದಲ ರವಿವಾರ ಅವರ ಸ್ಕೂಟರು ನಮ್ಮ ಓಣಿಗೆ ಬರುತ್ತಿತ್ತು. ಯಾರ ಮನೆಯ ಒಳಗೂ ಬರುತ್ತಿರಲಿಲ್ಲ, ಚಹಾ ಮುಟ್ಟುತ್ತಿರಲಿಲ್ಲ. ಗೇಟಿನಲ್ಲೇ ನಿಂತು, "ಅದೀರಿಲ್ರಿ ಎಲ್ಲಾರೂ?" ಎಂದು ಕೇಳಿ, ಹೆಸರುಗಳ ಯಾದಿಯಲ್ಲಿ ಗೀಟು ಹಾಕಿ ಮುಂದಿನ ಮನೆಗೆ. ಕಾರಣ ಇತ್ತು. ದಾವೆ ಹಾಕಿದವರಲ್ಲಿ ಒಬ್ಬರು ಹೋದರೆ ತೊಂಬತ್ತು ದಿನದೊಳಗೆ ಅವರ ವಾರಸುದಾರರ ಹೆಸರು ಸೇರಿಸಲು ಕೋರ್ಟಿನಲ್ಲಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಆ ಮನೆಯ ದಾವೆ ಅಲ್ಲಿಗೇ ಬಿದ್ದುಹೋಗುತ್ತದೆ. ಇದನ್ನು ಅವರು ಹೇಳದ ತಿಂಗಳಿಲ್ಲ. ಹೆಂಗಸರು ಮಾತ್ರ ಅವರನ್ನು ಕಂಡರೆ ಚಿತ್ರಗುಪ್ತ ಬಂದ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಮೂರನೇ ವರ್ಷ ಮೊದಲ ಸಾವು ಆಯಿತು. ಮೂಲೆಮನೆಯ ಹಿರಿಯರು. ಅರ್ಜಿ ತೊಂಬತ್ತು ದಿನದೊಳಗೇ ಬಿತ್ತು, ಆದರೆ ಅವರ ಮಕ್ಕಳು ಐದು ಊರಿನಲ್ಲಿ, ಎಲ್ಲರ ಸಹಿ ತಂದು ಹೆಸರು ಸೇರಿಸುವಷ್ಟರಲ್ಲಿ ಎಂಟು ತಿಂಗಳು. ಅಷ್ಟು ದಿನವೂ ಎಲ್ಲರ ದಾವೆ ನಿಂತಿತು. ಮೂಲೆಮನೆಯವರಿಂದ ನಾವು ಕೆಟ್ಟೆವು ಎಂದು ಓಣಿಯೆಲ್ಲ ಆಡಿಕೊಂಡಿತು. ದುಃಖದಲ್ಲಿದ್ದವರ ಜೊತೆ ನಳದ ಮುಂದೆ ಜನ ಮಾತು ಬಿಟ್ಟರು. ಅವತ್ತೇ ನಮ್ಮೆಲ್ಲರ ಮನಸ್ಸಿನಲ್ಲಿ ಒಂದು ಹೆದರಿಕೆ ಹೊಕ್ಕಿತು: ನಮ್ಮ ಮನೆಯಿಂದ ದಾವೆ ನಿಲ್ಲಬಾರದು.

ಎದುರುಮನೆಯ ರೊಟ್ಟಿ ಕಾಕು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಬದುಕುವವಳು. ಅವಳ ಗಂಡ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿಯೇ ಮಣ್ಣು ಮುಗಿಸಿ ಬಂದ ವಾರಕ್ಕೆ ಅವಳು ನನ್ನ ಹತ್ತಿರ ಬಂದು, ಗುಮಾಸ್ತರಿಗೆ ಹೇಳಲೋ ಬೇಡವೋ ಎಂದು ಕೇಳಿದಳು. ಓದಿದವಳು ನಾನು ಎಂದು ಕೇಳಿದಳು. ಸಾಕ್ಷಿಯ ಹಂತಕ್ಕೆ ಬಂದಿದೆ, ಇನ್ನೇನು ಮುಗಿಯುತ್ತದೆ, ಈಗ ಹೇಳಿದರೆ ಮತ್ತೆ ನಿಲ್ಲುತ್ತದೆ, ಸದ್ಯ ಸುಮ್ಮನಿರಿ ಎಂದೆ. ತೊಂಬತ್ತು ದಿನದ ಮಾತು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ವಕೀಲರ ಕಡೆಯವರು ಹೆದರಿಸುವ ಮಾತು ಎಂದುಕೊಂಡಿದ್ದೆ. ನನ್ನ ಜಾಣತನಕ್ಕೆ ಬೆಂಕಿ ಹಾಕ.

ಐದು ತಿಂಗಳ ಮೇಲೆ ಧಾರವಾಡದ ಹತ್ತಿರದ ಗರಗದಲ್ಲಿ ಸೋದರತ್ತೆಯ ಮನೆಗೆ ಹೋಗಿದ್ದ ನನ್ನ ಅಪ್ಪ ಅಲ್ಲೇ ಹೋದರು. ಬುದ್ಧವಂದನೆ ಹೇಳಿ ಅಲ್ಲಿಯೇ ಮಣ್ಣು ಮಾಡಿ ಬಂದೆವು. ಮುಂದಿನ ತಿಂಗಳ ರವಿವಾರ ಗುಮಾಸ್ತರು ಗೇಟಿನಲ್ಲಿ ನಿಂತು ಕೇಳಿದಾಗ, ಅಪ್ಪ ಗರಗದಲ್ಲಿದ್ದಾರೆ ಎಂದೆ. ಸುಳ್ಳೂ ಅಲ್ಲ. ಒಳಗೆ ಅವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎರಡನೇ ತಿಂಗಳೂ ಅದೇ ಮಾತು. ಅವರು ಗೀಟು ಹಾಕಿಕೊಂಡರು. ಆ ಗೀಟಿನ ಸಪ್ಪಳ ನನಗೆ ತರಗತಿಯಲ್ಲಿ ಕರಿಹಲಗೆಯ ಮುಂದೆಯೂ ಕೇಳುತ್ತಿತ್ತು.

ಆ ದಿನಗಳಲ್ಲಿ ಕೋರ್ಟಿಗೆ ಕೊಡುವ ಪ್ರಮಾಣಪತ್ರಕ್ಕೆ, ಅಂದರೆ ಅಫಿಡವಿಟ್ಟಿಗೆ, ಎಲ್ಲರ ಸಹಿ ಬೇಕಾಗಿತ್ತು. ಕಾಯ್ದೆಯ ಪ್ರಕಾರ ಅಧಿಕಾರಿಯ ಎದುರಿಗೇ ಮಾಡಬೇಕು. ವಯಸ್ಸಾದವರನ್ನು ಎಳೆದಾಡಬಾರದೆಂದು ಗುಮಾಸ್ತರು ಕಾಗದವನ್ನು ಮನೆಗೆ ತರುತ್ತಿದ್ದರು. ಒಂದು ತಿಂಗಳು ಎದುರು ಸಾಲು, ಮರುತಿಂಗಳು ನಮ್ಮ ಸಾಲು. ಅಪ್ಪನ ಕಾಗದವನ್ನು ನಾನು ಇಟ್ಟುಕೊಂಡೆ, ಗರಗಕ್ಕೆ ಹೋಗಿ ಮಾಡಿಸಿ ತರುತ್ತೇನೆ ಎಂದೆ. ಮಾಡಿದ್ದು ನಾನೇ. ಅಪ್ಪನ ಸಹಿ ನನಗೆ ಬಾಯಿಪಾಠ, ಶಾಲೆಯ ಪ್ರಗತಿಪತ್ರದಲ್ಲಿ ಹತ್ತು ವರ್ಷ ನೋಡಿದ್ದು.

ಮೂರನೇ ತಿಂಗಳ ರವಿವಾರ ಗುಮಾಸ್ತರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಚೀಲದಿಂದ ಹಿಂದಿನ ವರ್ಷದ ಒಂದು ಕಾಗದ ತೆಗೆದು ಪಕ್ಕದಲ್ಲಿಟ್ಟರು. ನನ್ನ ಕಡೆ ನೋಡದೆಯೇ ಕೇಳಿದರು.

"ಅಪ್ಪಾರ ಕೈ ನಡುಗೂದು ನಿಂತೈತೇನ್ರಿ ಅಕ್ಕೋರ?"

ನಾನು ಸರಕಾರಿ ನೌಕರಿಯವಳು, ಸತ್ತವರ ಸಹಿ ಮಾಡಿದ್ದೇನೆ. ಅವರು ಕಾಗದವನ್ನು ನಾಲ್ಕು ಸಲ ಹರಿದು, ಚೂರುಗಳನ್ನು ತಮ್ಮ ಅಂಗಿಯ ಕಿಸೆಗೇ ಹಾಕಿಕೊಂಡರು.

"ಇದನ್ನ ನೀವು ಬರದಿಲ್ಲ, ನಾ ನೋಡಿಲ್ಲ. ಯಾವತ್ತ ಹೋದ್ರು, ಅದನ್ನಷ್ಟ ಹೇಳ್ರಿ."

ದಿನ ಹೇಳಿದೆ. ಬೆರಳಿನ ಗೆಣ್ಣು ಎಣಿಸಿದರು. ಅವತ್ತಿಗೆ ಎಂಬತ್ತೇಳು.

ಸೋಮವಾರ ಅವರ ಸ್ಕೂಟರಿನ ಹಿಂದೆ ಕೂತು ಗರಗಕ್ಕೆ ಹೋದೆ. ಅತ್ತೆಯ ಮಗ ಸಾವನ್ನು ಪಂಚಾಯಿತಿಯಲ್ಲಿ ಬರೆಸಿದ್ದ, ಪುಣ್ಯ. ಆದರೆ ದಾಖಲೆ ಕೊಡುವವರು ತರಬೇತಿಗೆ ಹೋಗಿದ್ದರು, ನಾಳೆ ಬನ್ನಿ ಎಂದರು. ಹಾದಿಯುದ್ದಕ್ಕೂ ನಾನು ಅಳುತ್ತಿದ್ದೆ, ಗುಮಾಸ್ತರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಮಂಗಳವಾರ ಮಧ್ಯಾಹ್ನ ಮೂರರ ತನಕ ಕಾದು ದಾಖಲೆ ಸಿಕ್ಕಿತು. ಬುಧವಾರ, ತೊಂಬತ್ತನೇ ದಿನ, ಅವ್ವನ ಸಹಿ, ನನ್ನ ಸಹಿ. ಅವರು ಕೋರ್ಟಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತರು. ಅವ್ವನೂ ನಾನೂ ಹೊರಗಿನ ಕಟ್ಟೆಯ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದೆವು. ಕಿಟಕಿ ಮುಚ್ಚುವ ಹೊತ್ತಿಗೆ ಅವರು ಹೊರಗೆ ಬಂದು, ಅರ್ಜಿಯ ಮೇಲಿನ ಮುದ್ರೆ ತೋರಿಸಿ "ಶಿಕ್ಕಾ ಬಿತ್ತು ನೋಡ್ರಿ" ಎಂದರು. ಅವ್ವ ಅವರ ಕಾಲು ಮುಟ್ಟಲು ಹೋದಳು, ಅವರು ಹಿಂದೆ ಸರಿದರು.

ಅದೇ ಸಂಜೆ ಅವರು ಮತ್ತೆ ಎಲ್ಲ ಮನೆಗೆ ಹೋಗಿ ಕೇಳಿದರು. ರೊಟ್ಟಿ ಕಾಕು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಎಲ್ಲ ಹೇಳಿದಳು. ಗಂಡ ಹೋಗಿ ಎಂಟು ತಿಂಗಳು. ಒಳಗೆ ಮಲಗಿದ್ದಾನೆಂದು ಹೇಳುತ್ತ ಬಂದು, ಅವನ ಪ್ರಮಾಣಪತ್ರಕ್ಕೆ ಅವಳೇ ತನ್ನ ಹೆಬ್ಬೆರಳು ಒತ್ತಿದ್ದಳು. ಅದು ಹೋದ ತಿಂಗಳೇ ಕೋರ್ಟಿಗೆ ಸೇರಿತ್ತು. ಸಹಿಯಾಗಿದ್ದರೆ ಗುಮಾಸ್ತರು ಹಿಡಿಯುತ್ತಿದ್ದರು, ಹೆಬ್ಬಟ್ಟನ್ನು ಬರಿಗಣ್ಣಿನಲ್ಲಿ ಯಾರು ಹಿಡಿಯುತ್ತಾರೆ! ಅವತ್ತು ಅವರು ಮೊದಲ ಸಲ ಒಂದು ಮನೆಯ ಹೊಸ್ತಿಲಲ್ಲಿ ಕೂತರು. ಹೀಗೆ ಮಾಡಲು ಯಾರು ಹೇಳಿದರು ಎಂದು ಕೇಳಿದರು. ಕಾಕು ಬಾಯಿ ಬಿಡಲಿಲ್ಲ. ಅಲ್ಲೇ ನಿಂತಿದ್ದ ನಾನೂ ಬಿಡಲಿಲ್ಲ.

ನಮ್ಮ ವಕೀಲರೇ ಅದನ್ನು ಕೋರ್ಟಿಗೆ ತಿಳಿಸಿ, ತಡವನ್ನು ಮನ್ನಿಸಲು ಕೇಳಿದರು. ಎದುರಿನವರು ಇಡೀ ದಾವೆಯೇ ಸುಳ್ಳು ಎಂದು ಕೂಗೆಬ್ಬಿಸಿದರು. ಒಂದೂವರೆ ವರ್ಷ ಅದರದ್ದೇ ವಾದ, ಆ ಒಂದೂವರೆ ವರ್ಷ ಓಣಿ ಕಾಕುವಿಗೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ನಾನು ಕಿಟಕಿ ಮುಚ್ಚಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೊನೆಗೆ ಉಳಿದವರ ದಾವೆ ಉಳಿಯಿತು, ಅವಳ ಗಂಡನದು ಬಿದ್ದಿತು. ದಾವೆ ಹಾಕಿದ ಹನ್ನೊಂದನೇ ವರ್ಷ ತೀರ್ಪು ಬಂದು ಅರವತ್ಮೂರು ಮನೆಗೆ ಖರೀದಿ ಆಯಿತು. ಉತಾರದಲ್ಲಿ ಅವ್ವನ ಹೆಸರು, ನನ್ನ ಹೆಸರು ಬಂದವು. ಓಣಿಯಲ್ಲಿ ಪಟಾಕಿ ಹಚ್ಚಿದಾಗ ಕಾಕು ರೊಟ್ಟಿ ಬಡಿಯುತ್ತಿದ್ದಳು.

ಆಮೇಲೆ ಗುಮಾಸ್ತರಿಗೆ ಅವಳದೊಂದೇ ಕೆಲಸವಾಯಿತು. ಅವಳ ಪರವಾಗಿ ಹೈಕೋರ್ಟಿಗೆ ಮೇಲ್ಮನವಿ ಹಾಕಿಸಿದರು, ಪ್ರತಿ ತಾರೀಖಿಗೆ ತಾವೇ ಬಸ್ಸಿನಲ್ಲಿ ಧಾರವಾಡಕ್ಕೆ ಕರೆದೊಯ್ದರು. ಹೆಬ್ಬಟ್ಟು ತಗೊಂಡದ್ದು ನಾನು, ಗಂಡನ ಕೈ ಹಿಡಿದು ನೋಡದೇ ಇದ್ದದ್ದು ನನ್ನ ತಪ್ಪು ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಿಜ ಹೇಳಿಬಿಡಬೇಕು ಎನಿಸುತ್ತಿತ್ತು. ನೌಕರಿಯ ನೆನಪಾಗಿ ಮನೆಯೊಳಗೆ ನಡೆದುಬಿಡುತ್ತಿದ್ದೆ.

ಹೋದ ವರ್ಷ ಜ್ವರವೆಂದು ಮಲಗಿದ ಗುಮಾಸ್ತರು ಏಳಲಿಲ್ಲ. ಮನೆಯವರಿಗೆ ಸಮಾಧಾನ ಹೇಳಲು ಹೋದಾಗ ಅವರ ಹೆಂಡತಿ ಕಾಕುವಿನ ದಾವೆಯ ಕಟ್ಟನ್ನು ತಂದು ನನ್ನ ಮಡಿಲಲ್ಲಿಟ್ಟರು. "ಅಕ್ಕೋರ ಕೈಯಾಗ ಕೊಡು, ಬ್ಯಾರೆ ಯಾರಿಗೂ ಬ್ಯಾಡ ಅಂದಿದ್ರವ್ವಾ." ಮನೆಗೆ ಬಂದು ಬಿಚ್ಚಿದೆ. ಮೇಲೆಯೇ ಅವರ ಕೈಬರಹದ ಒಂದು ಕರಡು ಪ್ರಮಾಣಪತ್ರ. ಓದು ಬಾರದ ಈ ಹೆಣ್ಣುಮಗಳು ತನ್ನ ಬುದ್ಧಿಯಿಂದ ಸಾವನ್ನು ಮುಚ್ಚಿಟ್ಟವಳಲ್ಲ, ಹೇಳಬೇಡಿರೆಂದು ಅವಳಿಗೆ ತಿಳಿಸಿದವರು ನಾನು ಎಂದು ಒಕ್ಕಣೆ. ನಾನು ಎಂಬುದರ ಮುಂದೆ ಒಂದು ಹೆಸರಿನಷ್ಟು ಜಾಗ ಖಾಲಿ ಬಿಟ್ಟಿದ್ದರು.

ಯಾವಾಗಿನಿಂದ ಗೊತ್ತಿತ್ತೋ ಅವರಿಗೆ. ಒಂದು ದಿನವೂ ಕೇಳಲಿಲ್ಲ.

ಎಂಟು ದಿನ ಆ ಕಾಗದ ಕಪಾಟಿನಲ್ಲಿತ್ತು. ಒಂಬತ್ತನೇ ದಿನ ಶಾಲೆಗೆ ರಜೆ ಹಾಕಿ, ಕಾಕುವನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿ, ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದು ಅಧಿಕಾರಿಯ ಎದುರಿಗೆ ಸಹಿ ಮಾಡಿದೆ. ನನ್ನ ಮೇಲೆ ಏನು ಬರುತ್ತದೋ ಗೊತ್ತಿಲ್ಲ, ಹೆದರಿಕೆಯಂತೂ ಇದೆ. ತಾರೀಖು ಮುಂದೆ ಹೋಗಿದೆ, ಮುಂದಿನದಕ್ಕೂ ನಾವಿಬ್ಬರೇ ಹೋಗಬೇಕು.